ಅಂಚಿನಲ್ಲಿ ನಾನು ಬರೆಯದೆ ಬಿಟ್ಟದ್ದು

ಹೋದ ತಿಂಗಳು ನನ್ನ ಅಣ್ಣನ ಮಗಳು ಸುಜಾತಾ ಪೇಡೆಯ ಪೊಟ್ಟಣ ಹಿಡಿದು ಆಳಂದದ ನಮ್ಮ ಮನೆಗೆ ಬಂದಳು. ಅವಳಿಗೆ ಜೇವರ್ಗಿ ತಾಲೂಕಿನಲ್ಲಿ ಗ್ರಾಮ ಆಡಳಿತ ಅಧಿಕಾರಿಯ ಕೆಲಸ ಸಿಕ್ಕಿದೆ. ನಾನು ಸೇರಿದಾಗ ಇದೇ ಕೆಲಸಕ್ಕೆ ಗ್ರಾಮ ಲೆಕ್ಕಿಗ ಎನ್ನುತ್ತಿದ್ದರು. ಊರ ಮಂದಿ ಆಗಲೂ ತಲಾಟಿ ಎನ್ನುತ್ತಿದ್ದರು, ಈಗಲೂ ತಲಾಟಿಯೇ ಎನ್ನುತ್ತಾರೆ. ಕಾಲಿಗೆ ನಮಸ್ಕಾರ ಮಾಡಿ ಎದ್ದವಳು ನೇರವಾಗಿ ಕೇಳಿದಳು:

"ಕಾಕಾ, ವೃದ್ಧಾಪ್ಯ ವೇತನ, ವಿಧವಾ ವೇತನದ ತನಿಖಿ ಹೆಂಗ ಮಾಡಬೇಕು ಅಂತ ಕಚೇರಿಯಾಗ ಕೇಳಿದ್ರ ಎಲ್ಲಾರೂ ಚನ್ನಬಸಪ್ಪ ಕಾಕಾಗ ಕೇಳು ಅಂತಾರ. ಅವರ ನಂಬರ್ ನಿಮ್ಮ ಹತ್ರ ಅದ ಏನು?"

ಇಲ್ಲ ಎಂದೆ. ಇತ್ತು. ನನ್ನ ಫೋನಿನಲ್ಲಿ ಅವನ ಹೆಸರು ನನ್ನ ಹೆಂಡತಿಯ ಹೆಸರಿಗಿಂತ ಮೇಲಿದೆ.

ಅವನೂ ನಾನೂ ಒಂದೇ ದಿನ ಕೆಲಸಕ್ಕೆ ಸೇರಿದವರು, ಒಂದೇ ವರ್ಷ ನಿವೃತ್ತರಾದವರು. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲೂಕುಗಳಲ್ಲಿ ಅವನು ತಿರುಗಿದಷ್ಟೇ ನಾನೂ ತಿರುಗಿದ್ದೇನೆ. ಅವನಿಗಿಂತ ನನ್ನ ಕಡತಗಳು ಅಚ್ಚುಕಟ್ಟು, ಅಕ್ಷರ ದುಂಡಗೆ. ಆದರೂ ಕೇಳಬೇಕಾದದ್ದು ಚನ್ನಬಸಪ್ಪನನ್ನೇ ಅಂತೆ. "ಅವನಿಗೇನು ಕೇಳ್ತಿ, ನಾನೇ ಬರೆದು ಕೊಡ್ತೇನಿ" ಎಂದು ಸುಜಾತಾಗೆ ಹೇಳಿ ಕಳಿಸಿದೆ. ಈ ಬರಹ ಹುಟ್ಟಿದ್ದು ಹೊಟ್ಟೆಕಿಚ್ಚಿನಿಂದ. ಮೊದಲೇ ಹೇಳಿಬಿಟ್ಟರೆ ಓದುವವರಿಗೂ ಅನುಕೂಲ, ನನಗೂ ಹಗುರ.

ಬಡ್ತಿ ಯಾವಾಗ ಸಿಕ್ಕಿತು, ಯಾರ ಕೈಯಿಂದ ಶಾಲು ಹೊದಿಸಿಕೊಂಡೆ ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅದರಿಂದ ಹೊಸದಾಗಿ ಸೇರುವವರಿಗೆ ಏನೂ ಉಪಯೋಗವಿಲ್ಲ. ಜನ ಬಂದು ಎದುರಿಗೆ ನಿಂತಾಗ ಏನಾಗುತ್ತದೆ ಎನ್ನುವುದನ್ನಷ್ಟೇ ಬರೆಯುತ್ತೇನೆ.

ನನ್ನ ಮೊದಲ ಊರು ಮಾದನಹಿಪ್ಪರಗಾ. ಬಸ್ಸಿನಿಂದ ಇಳಿದ ಮೊದಲ ದಿನವೇ ಚಾವಡಿಯ ಕಟ್ಟೆಯ ಮೇಲೆ ಹತ್ತಿಪ್ಪತ್ತು ಮುದುಕ ಮುದುಕಿಯರು ಕೂತಿದ್ದರು. ವೃದ್ಧಾಪ್ಯ ವೇತನ ಬೇಕು. ವೇತನಕ್ಕೆ ವಯಸ್ಸು ಬೇಕು, ವಯಸ್ಸಿಗೆ ಕಾಗದ ಬೇಕು. ಒಬ್ಬರ ಹತ್ತಿರವೂ ಹುಟ್ಟಿದ ದಿನದ ಕಾಗದ ಇರಲಿಲ್ಲ. ಶಾಲೆಗೆ ಹೋಗಿದ್ದರೆ ತಾನೇ? "ವಯಸ್ಸೆಷ್ಟವ್ವಾ?" ಎಂದರೆ "ನೀವ ಹೇಳ್ರಿ ಸಾಹೇಬ್ರ, ಓದಿದವ್ರು ನೀವು" ಎನ್ನುತ್ತಿದ್ದರು. ನಾನು ನಿಯಮದ ಪ್ರಕಾರ ಸರ್ಕಾರಿ ಡಾಕ್ಟರ ಹತ್ತಿರ ಹೋಗಿ ಬರೆಸಿಕೊಂಡು ಬನ್ನಿ ಎಂದು ಎಲ್ಲರನ್ನೂ ಆಳಂದಕ್ಕೆ ಕಳಿಸಿದೆ. ಡಾಕ್ಟರು ಒಂದೇ ದಿನ ಅಷ್ಟು ಮಂದಿಯನ್ನು ನೋಡಿ ಕೆಂಡವಾದರು. ಅರ್ಧ ಮಂದಿ ಬಸ್ಸು ತಪ್ಪಿಸಿಕೊಂಡು ಅಲ್ಲೇ ಬಸ್ ಸ್ಟ್ಯಾಂಡಿನಲ್ಲಿ ಕೂತರು. ಒಬ್ಬ ಮುದುಕಿ ನನಗೆ ಹಾಕಿದ ಶಾಪ ಎಷ್ಟು ಚೊಕ್ಕವಾಗಿತ್ತೆಂದರೆ ಇವತ್ತಿಗೂ ಒಂದಕ್ಷರ ಮರೆತಿಲ್ಲ.

ಆಗ ಚನ್ನಬಸಪ್ಪ ಇದ್ದದ್ದು ಪಕ್ಕದ ಊರುಗಳ ಕಂದಾಯ ವೃತ್ತದಲ್ಲಿ. ಅವನ ಅರ್ಜಿಗಳೆಲ್ಲ ಆಗಲೇ ತಾಲೂಕು ತಲುಪಿದ್ದವು. ಹೇಗೆ ಮಾಡಿದ ನೋಡೋಣ ಎಂದು ಒಂದು ದಿನ ಸೈಕಲ್ ಏರಿ ಹೋದೆ. ಅವನು ಬೇವಿನ ಗಿಡದ ಕೆಳಗೆ ಕೂತು ಒಬ್ಬ ಮುದುಕಿಯನ್ನು ಕೇಳುತ್ತಿದ್ದ:

"ಯವ್ವಾ, ರಜಾಕಾರರ ಗದ್ದಲದಾಗ ಊರು ಬಿಟ್ಟು ಓಡಿದ್ರಲ್ಲ, ಆಗ ನಿನ್ನ ಯಾರರೆ ಎತ್ಕೊಂಡು ಓಡಿದ್ರೋ, ಇಲ್ಲಾ ನೀನೇ ಯಾರನ್ನರೆ ಎತ್ಕೊಂಡು ಓಡಿದ್ದಿಯೋ?"

ಮುದುಕಿ ಹೇಳಿದಳು, "ನನ್ನ ತಮ್ಮನ್ನ ಎತ್ಕೊಂಡಿದ್ನೆಪಾ. ಜೋಳದ ಹೊಲದಾಗ ಅವನ ಬಾಯಿ ಮುಚ್ಚಿ ಹಿಡದು ಕುಂತಿದ್ದೆ."

ಚನ್ನಬಸಪ್ಪ ತನ್ನ ಕಾಗೆ ಕಾಲು ಗುಬ್ಬಿ ಕಾಲು ಅಕ್ಷರದಲ್ಲಿ ಏನೋ ಗೀಚಿಕೊಂಡ. ನಲವತ್ತೆಂಟರ ಆ ಗದ್ದಲದಲ್ಲಿ ತಮ್ಮನನ್ನು ಹೊತ್ತು ಓಡುವಷ್ಟು ದೊಡ್ಡವಳಾಗಿದ್ದಳೆಂದರೆ ವಯಸ್ಸು ಸಿಕ್ಕಿತ್ತು. ನನ್ನ ಹೊಟ್ಟೆಯಲ್ಲಿ ಮೊದಲ ಬಾರಿಗೆ ಆ ಉರಿ ಎದ್ದದ್ದು ಆಗಲೇ. ಆ ಪ್ರಶ್ನೆ ನನಗೇಕೆ ಹೊಳೆಯಲಿಲ್ಲ? ನಮ್ಮಜ್ಜಿಯೂ ಅದೇ ಗದ್ದಲದಲ್ಲಿ ಓಡಿದವಳು, ನಾನು ಅವಳ ತೊಡೆಯ ಮೇಲೆ ಕೂತು ಆ ಕತೆ ಕೇಳಿ ಬೆಳೆದವನು.

ಕದ್ದೆ. ಮರುದಿನವೇ ಮಾದನಹಿಪ್ಪರಗಾದ ಚಾವಡಿಯಲ್ಲಿ ಅದೇ ಪ್ರಶ್ನೆ ಕೇಳಲು ಶುರು ಮಾಡಿದೆ. ಆದರೆ ಚನ್ನಬಸಪ್ಪ ಒಬ್ಬೊಬ್ಬರನ್ನೇ ಗಿಡದ ಕೆಳಗೆ ಕೂರಿಸಿಕೊಂಡು ಕೇಳುತ್ತಿದ್ದ. ನಾನು ಚಾವಡಿಯ ಮೇಜಿನ ಹಿಂದೆ ಕೂತು, ಸಾಲು ಹಚ್ಚಿ, ಎಲ್ಲರ ಮುಂದೆ ಜೋರಾಗಿ ಕೇಳಿದೆ. ಮೊದಲಿನ ಇಬ್ಬರು ವಿಚಾರ ಮಾಡಿ ಉತ್ತರ ಕೊಟ್ಟರು. ಆಮೇಲೆ ಸಾಲಿನಲ್ಲಿದ್ದ ಒಬ್ಬೊಬ್ಬರೂ "ನಾನೇ ಎತ್ಕೊಂಡು ಓಡೇನ್ರಿ" ಎನ್ನತೊಡಗಿದರು. ಕೊನೆಗೆ ಬಂದವನು ನನ್ನ ಜೊತೆ ಕಬಡ್ಡಿ ಆಡಬಹುದಾದ ವಯಸ್ಸಿನ ಆಸಾಮಿ. ಅವನೂ ಎದೆ ಉಬ್ಬಿಸಿ, "ಇಬ್ಬರನ್ನ ಎತ್ಕೊಂಡಿದ್ದೆ ಸಾಹೇಬ್ರ, ಈ ಬಗಲಾಗೊಂದು ಆ ಬಗಲಾಗೊಂದು" ಎಂದ. ಅಂದು ಆ ದಾರಿಯಲ್ಲಿ ಬಂದಿದ್ದ ತಹಸೀಲ್ದಾರರು ಬಾಗಿಲಲ್ಲಿ ನಿಂತು ಇದನ್ನು ಕೇಳಿಸಿಕೊಂಡರು. ನಕ್ಕು ನಕ್ಕು ಅವರ ಕಣ್ಣಲ್ಲಿ ನೀರು ಬಂತು. ಮುಂದಿನ ಮೂರು ವರ್ಷ ಯಾವ ಸಭೆಗೆ ಹೋದರೂ "ಏನಪಾ ಶರಣಪ್ಪ, ಎಷ್ಟು ಮಂದಿನ್ನ ಎತ್ಕೊಂಡು ಓಡಿದಿ?" ಎಂದು ಕೇಳುವವರು ಇದ್ದೇ ಇದ್ದರು.

ಸುಜಾತಾ, ಇದನ್ನು ನೆನಪಿಡು. ಪ್ರಶ್ನೆಯನ್ನು ಕದಿಯಬಹುದು. ಯಾರ ಪಕ್ಕ ಕೂತು, ಎಷ್ಟು ಮೆಲ್ಲಗೆ ಕೇಳಬೇಕು ಎನ್ನುವುದನ್ನು ಕದಿಯಲು ಬರುವುದಿಲ್ಲ.

ಸೇವೆಯ ಕ್ರಮದಲ್ಲಿ ನಾನೀಗ ಅಫಜಲಪುರದ ದಿನಗಳನ್ನು ಬರೆಯಬೇಕು. ಆದರೆ ಅದಕ್ಕೆ ಮೊದಲು ಜೇವರ್ಗಿಯ ಮಾತು ಹೇಳುತ್ತೇನೆ. ಅಲ್ಲಿ ಕೊನೆಯ ಕೆಲವು ವರ್ಷ ಇದ್ದೆ, ಆ ಹೊತ್ತಿಗೆ ಯಂತ್ರಗಳು ಬಂದಿದ್ದವು. ಅಫಜಲಪುರವನ್ನು ಹಿಂದೆ ಹಾಕುತ್ತಿರುವುದೇಕೆ ಎಂದು ಆಮೇಲೆ ತಿಳಿಯುತ್ತದೆ.

ಕೊಳಕೂರಿನ ಕಡೆ ಹೆಂಗಸರು ಹತ್ತಿ ಬಿಡಿಸುತ್ತಾರೆ, ತೊಗರಿ ಕೊಯ್ಯುತ್ತಾರೆ. ಅವರ ಬೆರಳಿನ ಗೆರೆಗಳು ಸವೆದು ಹೋಗಿರುತ್ತವೆ. ಹೆಬ್ಬೆಟ್ಟು ಓದುವ ಯಂತ್ರಕ್ಕೆ ಅಂಥ ಬೆರಳು ಬೆರಳೇ ಅಲ್ಲ. ಒತ್ತಿದರೆ ಕೆಂಪು ದೀಪ. ಮತ್ತೆ ಒತ್ತಿದರೆ ಮತ್ತೆ ಕೆಂಪು. "ನಾನ ಅದೇನಿ, ನನ್ನ ಬಟ್ಟೂ ಅದ, ಮತ್ತ ಏನಾಗ್ಯಾದ ಇದಕ್ಕ?" ಎಂದು ಒಬ್ಬ ಮುದುಕಿ ಯಂತ್ರವನ್ನೇ ಬೈದಳು. ಒಂದು ಮುಂಜಾನೆ ನನ್ನ ಕಣ್ಣಿಗೆ ಒಂದು ಸಂಗತಿ ಬಿತ್ತು. ತಲೆಗೆ ಎಣ್ಣೆ ಹಚ್ಚಿ, ಬಾಚಿಕೊಂಡು, ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದವಳ ಬೆರಳನ್ನು ಯಂತ್ರ ಒಂದೇ ಸಲಕ್ಕೆ ಹಿಡಿಯಿತು. ಒಣಗಿದ ಬೆರಳಿಗೆ ಸ್ವಲ್ಪ ಜಿಡ್ಡು ಬೇಕಿತ್ತು, ಅಷ್ಟೇ. ಅಂದಿನಿಂದ ನಾನು ಮೇಜಿನ ಮೇಲೆ ಕೊಬ್ಬರಿ ಎಣ್ಣೆಯ ಒಂದು ಚಿಕ್ಕ ಬಾಟಲಿ, ಒಂದು ಹಳೆಯ ಟವೆಲ್ ಇಟ್ಟುಕೊಂಡೆ. ಕೆಲಸ ಸರಾಗವಾಯಿತು.

ತಿಂಗಳ ಸಭೆಯಲ್ಲಿ ಎದ್ದು ನಿಂತು ಇದನ್ನು ವಿವರಿಸಿದೆ. ಜೀವನದಲ್ಲಿ ಒಂದು ಸಲವಾದರೂ ನನ್ನ ಹೆಸರಿನಲ್ಲಿ ಒಂದು ಉಪಾಯ ಇರಲಿ ಎಂಬ ಆಸೆ. ಹಿಂದಿನ ಸಾಲಿನಿಂದ ಒಬ್ಬ ಹೊಸ ಹುಡುಗಿ ಮುಗ್ಧವಾಗಿ ಹೇಳಿದಳು, "ಹೌದ್ರಿ ಸರ್, ಚನ್ನಬಸಪ್ಪ ಸರ್ ಹೋದ ವರ್ಷನೇ ಎಲ್ಲಾರಿಗೂ ಹೇಳಿಕೊಟ್ಟಾರಲ್ರಿ." ಸಭೆ ಮುಂದುವರಿಯಿತು. ನಾನು ಆ ಬಾಟಲಿಯನ್ನು ಮನೆಗೆ ಒಯ್ದು ಹೆಂಡತಿಗೆ ಕೊಟ್ಟುಬಿಟ್ಟೆ. ಎರಡು ದಿನ ಮುದುಕಿಯರ ಬೆರಳು ಮತ್ತೆ ಕೆಂಪು ದೀಪ ಹಚ್ಚಿದವು. ಮೂರನೆಯ ದಿನ ಹೊಸ ಬಾಟಲಿ ತಂದೆ. ಹೊಟ್ಟೆಕಿಚ್ಚಿನಿಂದ ನಾನು ಮಾಡಿದ ಅತಿ ಸಣ್ಣ ತಪ್ಪು ಅದು. ದೊಡ್ಡದನ್ನು ಈಗ ಹೇಳುತ್ತೇನೆ.

ಅಫಜಲಪುರ ತಾಲೂಕಿನಲ್ಲಿ, ಕರಜಗಿಯಿಂದ ಸ್ವಲ್ಪ ಒಳಗೆ ಇರುವ ಒಂದು ಊರು. ಹೆಸರು ಬೇಡ. ಚನ್ನಬಸಪ್ಪ ಅಲ್ಲಿ ಆರು ವರ್ಷ ಇದ್ದು ಆಳಂದಕ್ಕೆ ವರ್ಗವಾಗಿದ್ದ, ಅವನ ಜಾಗಕ್ಕೆ ನಾನು ಹೋದೆ. ಹೋದ ದಿನದಿಂದ ಎಲ್ಲಿ ನೋಡಿದರೂ ಅವನದೇ ಜಪ. ಚಹಾದ ಅಂಗಡಿಯಲ್ಲಿ ಕೂತರೆ, "ಚನ್ನಬಸಪ್ಪ ಸಾಹೇಬ್ರು ಇದೇ ಬಾಕಿನ ಮ್ಯಾಲೆ ಕೂಡ್ತಿದ್ರು ನೋಡ್ರಿ." ಮಠಕ್ಕೆ ಹೋದರೆ, "ಚನ್ನಬಸಪ್ಪ ಸಾಹೇಬ್ರು ಪ್ರಸಾದ ಮುಗಿಸೇ ಹೋಗ್ತಿದ್ರು." ನನ್ನನ್ನು ಮಂದಿ "ಹೊಸಾ ಚನ್ನಬಸಪ್ಪ ಸಾಹೇಬ್ರು" ಎಂದು ಕರೆದದ್ದೂ ಉಂಟು. ನನಗೂ ಒಂದು ಹೆಸರಿದೆ, ನಮ್ಮಪ್ಪ ಐದು ಮಂದಿಯನ್ನು ಕರೆದು ತೊಟ್ಟಿಲಲ್ಲಿ ಹಾಕಿ ಇಟ್ಟದ್ದು ಎಂದು ಕೂಗಬೇಕೆನಿಸುತ್ತಿತ್ತು.

ಅವನು ಬಿಟ್ಟುಹೋದ ವೇತನದಾರರ ವಹಿ ನೋಡಿ ಮಾತ್ರ ನನಗೆ ಸಮಾಧಾನವಾಯಿತು. ಎಂಥ ಗಲೀಜು! ಹೆಸರಿನ ಮೇಲೆ ಹೆಸರು, ಚಹಾದ ಕಲೆ, ಪ್ರತಿ ಹಾಳೆಯ ಅಂಚಿನಲ್ಲಿ ಅಡ್ಡಡ್ಡ ಗೀಚಿದ ಸಾಲುಗಳು. ನಾನು ಪೇಟೆಯಿಂದ ಹೊಸ ವಹಿ ತಂದು, ಕೆಂಪು ಮಸಿಯಲ್ಲಿ ಗೆರೆ ಎಳೆದು, ಹದಿನೈದು ದಿನ ಕೂತು ಎಲ್ಲವನ್ನೂ ದುಂಡಗೆ ನಕಲು ಮಾಡಿದೆ. ಹೆಸರು, ಗಂಡನ ಹೆಸರು, ವಯಸ್ಸು, ಯಾವ ವೇತನ. ಅಂಚಿನ ಗೀಚುಗಳನ್ನು ನಕಲು ಮಾಡಲಿಲ್ಲ, ಓದಲೂ ಇಲ್ಲ. ಸರ್ಕಾರಿ ವಹಿಯಲ್ಲಿ ಅವಕ್ಕೆ ಕಾಲಂ ಇಲ್ಲ. ಹಳೆಯದನ್ನು ಕಪಾಟಿನ ತಳಕ್ಕೆ ತುರುಕಿದೆ. ಹೊಸ ವಹಿ ನೋಡಿದ ತಹಸೀಲ್ದಾರರು, "ವಹಿ ಅಂದ್ರೆ ಹೀಗಿರಬೇಕು" ಎಂದರು. ಆ ತಹಸೀಲ್ದಾರರು ಮೈಸೂರು ಕಡೆಯ ಹೆಣ್ಣುಮಗಳು, ಹೊಗಳಿಕೆ ಅಪರೂಪ. ಅಂದು ರಾತ್ರಿ ಊಟ ರುಚಿಸಿತು.

ಅಷ್ಟರಲ್ಲಿ ಆದೇಶ ಬಂತು: ಅನರ್ಹರಾಗಿದ್ದೂ ವೇತನ ಪಡೆಯುತ್ತಿರುವವರನ್ನು ಮನೆ ಮನೆಗೆ ಹೋಗಿ ಪರಿಶೀಲಿಸಿ ತೆಗೆಯಬೇಕು. ಉಳಿದ ತಲಾಟಿಗಳು ಗೊಣಗಿದರು. ನಾನು ಖುಷಿಯಿಂದ ಹೊರಟೆ. ಯಾಕೆಂದು ಬಿಡಿಸಿ ಹೇಳಬೇಕೇ? ಆ ಪಟ್ಟಿಯಲ್ಲಿದ್ದವರೆಲ್ಲ ಚನ್ನಬಸಪ್ಪ ಪಾಸು ಮಾಡಿದವರು. ಒಂದು ಸುಳ್ಳು ಸಿಕ್ಕರೆ ಸಾಕಿತ್ತು.

ನಾಲ್ಕನೆಯ ದಿನ ಸಿಕ್ಕಿತು, ಅಂದರೆ ಸಿಕ್ಕಿತೆಂದುಕೊಂಡೆ. ಮಹಾದೇವಿ ಎಂಬ ಹೆಣ್ಣುಮಗಳು, ನಲವತ್ತರ ಆಸುಪಾಸು, ವಿಧವಾ ವೇತನ. ನಾನು ಹೋದಾಗ ಅವಳು ಅಂಗಳದಲ್ಲಿ ಕಾಳು ಹಸನು ಮಾಡುತ್ತಿದ್ದಳು. ಎರಡೂ ಕೈ ತುಂಬ ಹಸಿರು ಗಾಜಿನ ಬಳೆ, ಹಣೆಯಲ್ಲಿ ವಿಭೂತಿಯ ಕೆಳಗೆ ಕಾಸಿನಗಲ ಕುಂಕುಮ. ಒಳಗೆ ಗೂಟದಲ್ಲಿ ಗಂಡಸಿನ ಅಂಗಿ. ಅಂಗಿಯ ಒಡೆಯ ಪಡಸಾಲೆಯಲ್ಲಿ ಮಲಗಿದ್ದವನು ಎದ್ದು ಕೂತು ನನಗೆ ಶರಣು ಎಂದ. ನಾನು ಅವನನ್ನು ಯಾರು ಎಂದೂ ಕೇಳಲಿಲ್ಲ, ಅವಳನ್ನೂ ಏನೂ ಕೇಳಲಿಲ್ಲ. ಕೇಳಿದ್ದರೆ ಅವಳು ಹೇಳುತ್ತಿದ್ದಳು, ನನ್ನ ಕೈಗೆ ಬಂದದ್ದು ಜಾರಿಹೋಗುತ್ತಿತ್ತು.

ವಿಧವೆ ಮರುಮದುವೆಯಾದರೆ ನಮ್ಮ ಕಡೆ ಉಡಿಕಿ ಆಯಿತು ಎನ್ನುತ್ತಾರೆ. ಉಡಿಕಿಯಾದರೆ ವೇತನ ನಿಲ್ಲುತ್ತದೆ. ಬೀದಿಗೆ ಬಂದು ಪಕ್ಕದ ಮನೆಯ ಇಬ್ಬರನ್ನು ಕರೆದು ಕೇಳಿದೆ, "ಆ ಮನಿಯಾಗ ಒಬ್ಬ ಗಂಡಸು ಅದಾನ, ಖರೆ ಹೌದಲ್ಲ?"

"ಹೌದ್ರಿ, ಅದಾನ್ರಿ."

"ಈಕಿ ಬಳಿ, ಕುಂಕುಮ ಹಾಕ್ಕೊಂಡಾಳ, ಖರೆ ಹೌದಲ್ಲ?"

"ಹಾಕ್ಕೋತಾಳ್ರಿ. ಆದ್ರ ಸಾಹೇಬ್ರ..."

ಆ 'ಆದ್ರ'ದ ಮುಂದೆ ಏನಿತ್ತೆಂದು ಕೇಳುವ ವ್ಯವಧಾನ ನನಗಿರಲಿಲ್ಲ. ಪಂಚನಾಮೆ ಬರೆದೆ, ಇಬ್ಬರ ಸಹಿ ಹಾಕಿಸಿದೆ. "ಸದರಿಯವರು ಉಡಿಕಿಯಾಗಿರುವುದು ಸ್ಥಳ ಪರಿಶೀಲನೆಯಿಂದ ಕಂಡುಬಂದಿದೆ." ಆ ಸಾಲು ಎಷ್ಟು ದುಂಡಗಿತ್ತೆಂದರೆ ಚೌಕಟ್ಟು ಹಾಕಿಸಬಹುದಿತ್ತು. ಅಫಜಲಪುರಕ್ಕೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಾಚೆಯ ಕಬ್ಬಿನ ಗದ್ದೆ ನೋಡುತ್ತ ನನ್ನಷ್ಟಕ್ಕೆ ನಾನೇ ನಗುತ್ತಿದ್ದೆ. ಚನ್ನಬಸಪ್ಪ ಮೋಸ ಹೋಗಿದ್ದ, ಅಥವಾ ಗೊತ್ತಿದ್ದೂ ಬಿಟ್ಟಿದ್ದ. ಎರಡರಲ್ಲಿ ಯಾವುದಾದರೂ ನನಗೆ ಹಬ್ಬವೇ. ಮುಂದಿನ ತಿಂಗಳಿನಿಂದ ಮಹಾದೇವಿಯ ವೇತನ ನಿಂತಿತು.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ನಮ್ಮದು ಬಸವಣ್ಣನವರನ್ನು ನಂಬಿದ ಮನೆತನ. ಪ್ರತಿ ಬಸವ ಜಯಂತಿಗೆ ಹೆಣ್ಣು ಗಂಡು ಒಂದೇ ಎಂದು ನಾನು ಮೈಕಿನ ಮುಂದೆ ಭಾಷಣ ಮಾಡಿದ್ದೇನೆ. ಅದೇ ನನ್ನ ಮನೆಯಲ್ಲಿ, ಗಂಡನನ್ನು ಕಳೆದುಕೊಂಡ ನನ್ನ ಅಕ್ಕ ಹತ್ತು ವರ್ಷದಿಂದ ಬರಿಗೈಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ನಿನ್ನ ಬಳೆ ಎಲ್ಲಿ ಎಂದು ನಾನು ಒಂದು ದಿನವೂ ಕೇಳಿರಲಿಲ್ಲ. ಹಾಗಾಗಿ ತುಂಬುಗೈಯ ವಿಧವೆಯನ್ನು ಕಂಡಾಗ ನನ್ನ ತಲೆಗೆ ಹೊಳೆದದ್ದು ಉಡಿಕಿ ಒಂದೇ.

ಮಹಾದೇವಿ ಮೊದಲ ಸಲ ನನ್ನ ಕಚೇರಿಗೆ ಬಂದಾಗ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಸಾಹೇಬ್ರ, ಏನೋ ತಪ್ಪಾಗಿರಬೇಕು. ನನಗ ಯಾವ ಉಡಿಕಿನೂ ಆಗಿಲ್ರಿ. ಅವತ್ತು ಇದ್ದಾವ ನಮ್ಮಣ್ಣ. ಅವನ ಮೊಮ್ಮಗನ ತೊಟ್ಟಿಲಿಗೆ ಕರಿಯಾಕ ಬಂದಿದ್ದ" ಎಂದಳು. ನಿಜವೆಂದು ಆ ಕ್ಷಣವೇ ಗೊತ್ತಾಯಿತು. ಆದರೆ ಅದನ್ನು ಸರಿಪಡಿಸಬೇಕೆಂದರೆ ನಾನು ತಪ್ಪು, ಚನ್ನಬಸಪ್ಪ ಸರಿ ಎಂದು ನನ್ನ ಕೈಯಾರೆ ಬರೆದು ಕೊಡಬೇಕಿತ್ತು. ನಾನು ಹೇಳಿದ್ದೇನು ಗೊತ್ತೇ? "ಉಡಿಕಿ ಆಗಿಲ್ಲ ಅನ್ನೋದಕ್ಕ ದಾಖಲೆ ತಗೊಂಡು ಬಾ."

ಆಗದ ಮದುವೆಗೆ ಯಾರು ದಾಖಲೆ ಕೊಡುತ್ತಾರೆ? ಅವಳು ಪಂಚಾಯಿತಿಗೆ ಹೋದಳು, ಮಠಕ್ಕೆ ಹೋದಳು, ಎಲ್ಲಿಯೂ ಅಂಥ ಕಾಗದ ಸಿಗಲಿಲ್ಲ. ಎರಡನೆಯ ಸಲ ಬಂದಾಗ ಕೂಲಿ ಬಿಟ್ಟು ಬಂದಿದ್ದಳು. ಹೊಲ ಇಲ್ಲದ ಮನೆ. ಅವಳ ಕೂಲಿ, ಅವಳ ವೇತನ, ಅತ್ತೆ ಗುರುಬಸವ್ವನ ವೃದ್ಧಾಪ್ಯ ವೇತನ, ಈ ಮೂರು ಸೇರಿದರೆ ಒಲೆ ಉರಿಯುತ್ತಿತ್ತು. "ಊರಾಗ ಮಂದಿ ಕೇಳಾಕತ್ತಾರ್ರಿ, ಯಾವಾಗ ಆತು, ಯಾರ ಸಂಗಾಟ ಆತು ಅಂತ. ಪಗಾರ ಹೋದ್ರ ಹೋಗ್ಲಿ, ಆ ಮಾತರೆ ಅಳಿಸ್ರಿ" ಎಂದಳು. ನಾನು ಮೇಲಿನವರಿಗೆ ಬರೆಯುತ್ತೇನೆ ಎಂದೆ. ಬರೆಯಲಿಲ್ಲ.

ಮೂರನೆಯ ಸಲ ಅತ್ತೆ ಸೊಸೆ ಇಬ್ಬರೂ ಬಂದರು. ಮಧ್ಯಾಹ್ನ, ಕಚೇರಿಯಲ್ಲಿ ಐದಾರು ಮಂದಿ ಇದ್ದರು. ಮಹಾದೇವಿ ಸೆರಗಿನಿಂದ ಎರಡೂ ಕೈ ಹೊರಗೆ ತೆಗೆದು ನನ್ನ ಮೇಜಿನ ಮೇಲೆ ಇಟ್ಟಳು. ಬರಿಗೈ. ಬಳೆ ಒಡೆದುಕೊಂಡಾಗ ಆದ ಗೀರು ಎಡಗೈ ಮಣಿಕಟ್ಟಿನ ಮೇಲೆ ಇನ್ನೂ ಹಸಿಯಾಗಿತ್ತು. ಹಣೆಯಲ್ಲಿ ವಿಭೂತಿ ಮಾತ್ರ.

"ಈಗ ನೋಡ್ರಿ ಸಾಹೇಬ್ರ," ಎಂದಳು. "ಈಗರೆ ಗಂಡ ಸತ್ತಾಕಿ ಹಂಗ ಕಾಣಾಕತ್ತೇನಿ ಹೌದಲ್ರಿ? ಈಗ ಬರಕೊಳ್ರಿ."

ಗುರುಬಸವ್ವ ಮುಂದೆ ಬಂದಳು. ಅವಳ ಕೈಯೂ ಬರಿದೇ, ಅದು ಎಷ್ಟೋ ವರ್ಷದ ಬರಿಗೈ.

"ನನ್ನ ಗಂಡ ಸತ್ತಾಗ ನಾಕು ಮಂದಿ ಕೂಡಿ ನನ್ನ ಬಳಿ ಒಡದ್ರು. ಆವತ್ತ ಮನಸಿನಾಗ ಗಟ್ಟಿ ಮಾಡ್ಕೊಂಡಿದ್ದೆ, ನನ್ನ ಮನಿಯಾಗ ಇನ್ನೊಬ್ಬಾಕಿಗಿ ಹಿಂಗ ಆಗಗೊಡಂಗಿಲ್ಲ ಅಂತ. ನನ್ನ ಮಗ ಸತ್ತಾಗ ಊರ ಮಂದಿ ಎಲ್ಲಾ ಬಾಗಿಲಿಗಿ ಬಂದಿತ್ತು. ನಾ ಈಕಿ ಕೈ ಹಿಡ್ಕೊಂಡು ಕುಂತೆ, ಒಂದು ಬಳಿ ಮುಟ್ಟಗೊಡಲಿಲ್ಲ. ಅಷ್ಟು ಮಂದಿ ಕೈಲೆ ಆಗದ್ದು ನೀ ಒಂದು ಕಾಗದದಾಗ ಮಾಡಿದ್ಯಲ್ಲೋ ತಮ್ಮಾ!"

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ತಮ್ಮಾ ಎಂದಳು. ಅವರು ಹೋದ ಮೇಲೆ ಏನೋ ನೆನಪಾಗಿ ಕಪಾಟಿನ ತಳದಿಂದ ಚನ್ನಬಸಪ್ಪನ ಹಳೆಯ ವಹಿ ಎಳೆದೆ. ಮಹಾದೇವಿಯ ಹೆಸರಿನ ಪಕ್ಕ, ಅಂಚಿನಲ್ಲಿ, ಅಡ್ಡಡ್ಡ ಗೀಚಿತ್ತು: "ಗಂಡ ತೀರಿಕೊಂಡದ್ದು ಖರೆ. ಬಳಿ ಕುಂಕುಮ ಇರ್ತಾವ. ಅತ್ತಿ ತೆಗೀಲಿಕ್ಕೆ ಬಿಟ್ಟಿಲ್ಲ, ದೊಡ್ಡಾಕಿ. ಮುಂದ ಬರುವವರು ನೋಡಿ ಮೋಸ ಹೋಗಬ್ಯಾಡ್ರಿ."

ಮುಂದೆ ಬರುವವನು ನಾನೇ. ನನಗೆಂದೇ ಬರೆದಿಟ್ಟಿದ್ದ. ಬಾಗಿಲು ಹಾಕಿಕೊಂಡು ಪೂರ್ತಿ ವಹಿಯ ಅಂಚುಗಳನ್ನು ಓದಿದೆ. "ಈಕಿಗಿ ಕಿವಿ ಕೇಳಂಗಿಲ್ಲ. ಬಾಗಿಲ ಬಡಿದು ಇಲ್ಲ ಅಂತ ಬರೀಬ್ಯಾಡ್ರಿ, ಹಿತ್ತಲದಾಗ ಹೋಗಿ ಎದುರಿಗಿ ನಿಲ್ರಿ." "ಲಾಲಸಾಬ ಮಗನ ಹತ್ರ ಪುಣಾದಾಗ ಇರ್ತಾನ. ಮೊಹರಂಗೆ ಬರ್ತಾನ, ಆವಾಗ ತನಿಖಿ ಮಾಡ್ರಿ." "ಭಾಳ ಮರ್ಯಾದಸ್ಥ ಮುದುಕ. ಮಂದಿ ಮುಂದ ಪಗಾರದ ಮಾತು ತೆಗೀಬಾರದು." ನನ್ನ ಹದಿನೈದು ದಿನದ ದುಂಡಕ್ಷರದಲ್ಲಿ ಇದರಲ್ಲಿ ಒಂದೂ ಇರಲಿಲ್ಲ. ನಾನು ಹೆಸರುಗಳನ್ನು ಉಳಿಸಿಕೊಂಡು ಮನುಷ್ಯರನ್ನು ಬಿಟ್ಟಿದ್ದೆ. ಆಗಲೂ, ಅಷ್ಟು ನಾಚಿಕೆಯ ನಡುವೆಯೂ, ಇವನು ಹೀಗೇಕೆ ಬರೆದ, ನಾನೇಕೆ ಬರೆಯಲಿಲ್ಲ ಎಂದು ಹೊಟ್ಟೆ ಉರಿಯುತ್ತಲೇ ಇತ್ತು.

ಮರುದಿನ ಎರಡೂ ವಹಿ ಹಿಡಿದು ತಹಸೀಲ್ದಾರರ ಮುಂದೆ ನಿಂತೆ. "ತಪ್ಪು ನನ್ನದು ಅಂತ ಬರೆದುಕೊಡ್ತೀರಾ? ನೋಟಿಸ್ ಬರುತ್ತೆ" ಎಂದರು. ಬರೆದುಕೊಟ್ಟೆ. ಅವರು ಅಂಚಿನ ಬರಹ ನೋಡಿ, ಬರೆದವರು ಬಂದು ತಮ್ಮದೆಂದು ಹೇಳಿಕೆ ಕೊಡಲಿ ಎಂದರು. ಹೀಗಾಗಿ ಚನ್ನಬಸಪ್ಪ ಆಳಂದದಿಂದ ಬರಬೇಕಾಯಿತು. ಬಂದ, ಹೇಳಿಕೆ ಕೊಟ್ಟ, ಹೊರಗೆ ಬಂದ. ನಾನು ಅವನ ಮಾತಿಗೆ ಕಾದು ನಿಂತಿದ್ದೆ.

"ನಡಿ ಶರಣು, ಚಾ ಕುಡ್ಯೂಣ" ಎಂದ.

"ಏನರೆ ಅನ್ನಬೇಕಾಗಿದ್ರ ಅಂದುಬಿಡು" ಎಂದೆ.

"ಏನನ್ನಲಿ? ನನ್ನ ಅಕ್ಷರ ಯಾರಿಗಿ ಓದಾಕ ಬರ್ತದ? ನನ್ನದೂ ತಪ್ಪದ" ಎಂದು ನಕ್ಕ. ಅವನು ಚುಚ್ಚಿದ್ದರೆ ನಾನು ಅರ್ಧ ಹಗುರವಾಗುತ್ತಿದ್ದೆ. ಅದನ್ನೂ ಅವನು ಕೊಡಲಿಲ್ಲ.

ನೋಟಿಸ್ ಬಂತು, ಒಂದು ವರ್ಷ ನನ್ನ ಇನ್ಕ್ರಿಮೆಂಟ್ ನಿಂತಿತು. ಮಹಾದೇವಿಯ ವೇತನ ಮತ್ತೆ ಶುರುವಾಯಿತು, ಉಡಿಕಿ ಎಂಬ ಮಾತನ್ನು ರದ್ದು ಮಾಡಿದ ಆದೇಶವನ್ನು ಪಂಚಾಯಿತಿಯ ಗೋಡೆಗೆ ನಾನೇ ಅಂಟಿಸಿದೆ. ಆದರೆ ಆ ಬರಿಗೈ ಕಣ್ಣ ಮುಂದಿನಿಂದ ಹೋಗಲಿಲ್ಲ. ಮುಂದಿನ ಸಂತೆಯ ದಿನ ಅಫಜಲಪುರದಲ್ಲಿ ಒಬ್ಬ ಬಳೆಗಾರ್ತಿಯನ್ನು ಗೊತ್ತು ಮಾಡಿ, ಹಸಿರು ಬಳೆಯ ಬುಟ್ಟಿಯ ಸಮೇತ ಬಸ್ಸು ಹತ್ತಿಸಿಕೊಂಡು ಆ ಊರಿಗೆ ಹೋದೆ. ಇಂಥ ಕೆಲಸ ಮಾಡಿದ ತಲಾಟಿ ಮೂರು ತಾಲೂಕಿನಲ್ಲಿ ನಾನೊಬ್ಬನೇ ಎಂದು ದಾರಿಯುದ್ದಕ್ಕೂ ಒಳಗೊಳಗೇ ಹಿಗ್ಗುತ್ತಿದ್ದೆ. ಪಶ್ಚಾತ್ತಾಪದಲ್ಲೂ ನನಗೆ ಪೈಪೋಟಿ ಬಿಟ್ಟಿರಲಿಲ್ಲ.

ಅಂಗಳದಲ್ಲಿ ಮಹಾದೇವಿ ನೀರು ತುಂಬುತ್ತಿದ್ದಳು. ಎರಡೂ ಕೈ ತುಂಬ ಹೊಸ ಹಸಿರು ಬಳೆ.

"ಇವು ಯಾರು ಇಡಿಸಿದ್ರವ್ವಾ?" ಎಂದೆ.

"ನಿನ್ನೆ ಚನ್ನಬಸಪ್ಪ ಸಾಹೇಬ್ರೂ ಅವರ ಮನಿಯವ್ರೂ ಬಂದಿದ್ರಿ. ಅವ್ವಾರು ಸ್ವತಃ ಕೈ ಹಿಡದು ಇಡಿಸಿ, ಉಡಿ ತುಂಬಿ ಹೋದ್ರು."

ಬಳೆಗಾರ್ತಿ ಬುಟ್ಟಿ ಹೊತ್ತು ನನ್ನ ಮುಖ ನೋಡುತ್ತಿದ್ದಳು. ಸುಳ್ಳು ಹೇಳುವುದಿಲ್ಲ, ಆ ಹೆಣ್ಣುಮಗಳ ಕೈ ತುಂಬಿದ್ದಕ್ಕೆ ಆದ ಸಂತೋಷಕ್ಕಿಂತ ಅವನು ಒಂದು ದಿನ ಮೊದಲು ಬಂದದ್ದರ ಉರಿಯೇ ಹೆಚ್ಚಿತ್ತು. ಇಲ್ಲೂ ನೀನೇ ಏನೋ ಮಾರಾಯ ಎಂದುಕೊಂಡು ತಿರುಗಿ ಹೊರಟೆ.

"ಏ ತಮ್ಮಾ, ನಿಲ್ಲು" ಎಂದಳು ಕಟ್ಟೆಯ ಮೇಲೆ ಕೂತಿದ್ದ ಗುರುಬಸವ್ವ. ಬುಟ್ಟಿಯನ್ನು ನೋಡಿದಳು, ನನ್ನನ್ನು ನೋಡಿದಳು. ಎಲ್ಲ ತಿಳಿಯಿತು ಅವಳಿಗೆ. "ಬಳಿ ಬುಟ್ಟಿ ನನ್ನ ಬಾಗಿಲ ತನಕ ಬಂದು ಹಂಗ ತಿರುಗಿ ಹೋಗಬಾರದು. ನಾ ಹೋಗಗೊಡಂಗಿಲ್ಲ."

ಸೆರಗು ಸರಿಸಿ, ನರಗಳು ಎದ್ದ ತನ್ನ ಬರಿಗೈಯನ್ನು ಬಳೆಗಾರ್ತಿಯ ಮುಂದೆ ಚಾಚಿದಳು.

"ನನಗ ಇಡಸು."

ಮಹಾದೇವಿ ಕೊಡ ಇಳಿಸಿ ಬಂದು ಅತ್ತೆಯ ಭುಜ ಹಿಡಿದು ಕೂತಳು. ಮೊದಲ ಬಳೆ ಗೆಣ್ಣು ದಾಟಲು ಹೊತ್ತು ಹಿಡಿಯಿತು. ಬಳೆಗಾರ್ತಿ ಕೈಗೆ ಎಣ್ಣೆ ಸವರಿದಳು. ಒಂದೊಂದಾಗಿ ಏರಿದವು. ಎರಡೂ ಕೈ ತುಂಬಿದ ಮೇಲೆ ಗುರುಬಸವ್ವ ಅವನ್ನು ಒಮ್ಮೆ ಅಲುಗಾಡಿಸಿ ಸದ್ದು ಕೇಳಿಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, "ಈಗ ನಿನ್ನ ವಹಿ ತೆಗಿ. ಇದನ್ನ ಬರಕೋ. ನಾಳಿ ನಿನ್ನಂಥಾವ ಇನ್ನೊಬ್ಬ ಬಂದು, ಮುದುಕಿಗಿ ಉಡಿಕಿ ಆಗ್ಯಾದ ಅಂತ ನನ್ನ ಪಗಾರನೂ ಬಂದ್ ಮಾಡ್ಯಾನು" ಎಂದಳು.

ಮಹಾದೇವಿ ನಕ್ಕಳು. ನಾನು ಕಟ್ಟೆಯ ಮೇಲೆ ಗುರುಬಸವ್ವನ ಪಕ್ಕದಲ್ಲಿ ಕೂತೆ. ಚೀಲದಿಂದ ನನ್ನ ದುಂಡಕ್ಷರದ ವಹಿ ತೆಗೆದು, ಮೊದಲ ಬಾರಿಗೆ ಕೆಂಪು ಗೆರೆ ದಾಟಿ ಅಂಚಿನಲ್ಲಿ ಬರೆದೆ: "ಗುರುಬಸವ್ವ. ಎರಡೂ ಕೈಗೆ ಬಳೆ ಇರುತ್ತವೆ. ನನ್ನೆದುರೇ ಇಡಿಸಿಕೊಂಡದ್ದು. ಮುಂದೆ ಬರುವವರು ನೋಡಿ ಮೋಸ ಹೋಗಬಾರದು." ಅದರ ಮೇಲೆ ಮಹಾದೇವಿಯ ಹೆಸರಿನ ಪಕ್ಕವೂ ಬರೆದೆ: "ಇವಳಿಗೂ ಇರುತ್ತವೆ." ಆ ಬಳೆಗಳನ್ನು ಇಡಿಸಿದವರು ಯಾರು, ನನಗಿಂತ ಒಂದು ದಿನ ಮೊದಲು ಬಂದಿದ್ದವರು ಯಾರು ಎಂದು ಬರೆಯಲಿಲ್ಲ. ಅಂಚಿನಲ್ಲಿ ಜಾಗ ಇತ್ತು.

ಸುಜಾತಾ, ಚನ್ನಬಸಪ್ಪನ ನಂಬರು ನನ್ನ ಹತ್ತಿರ ಇದೆ. ಬಂದು ಬರಕೊಂಡು ಹೋಗು.